ಮೀಡಿಯಾ ಪ್ಲೇಯರ್‌ನ ‘ಆಟೊ’ವನ್ನು ಎಷ್ಟು ನಂಬಬಹುದು? ಎಂಟು ತಿಂಗಳ ಬಳಕೆಯ ನಂತರ ಒಂದು ವಿಮರ್ಶೆ

ಎಂಟು ತಿಂಗಳ ಹಿಂದೆ ಟಿವಿಯ ಪಕ್ಕಕ್ಕೆ ಒಂದು ಮೀಡಿಯಾ ಪ್ಲೇಯರ್ ತಂದಿಟ್ಟೆ. ಅಂಗೈಯಗಲದ ಸಾಧನ, ಅದರ ಜೊತೆಗೆ ಒಂದು ಎಚ್‌ಡಿಎಂಐ ಕೇಬಲ್, ಒಂದು ಅಡಾಪ್ಟರ್, ಒಂದು ರಿಮೋಟ್. ಅತಿ ಸೂಕ್ಷ್ಮ ವಿವರದ 4ಕೆ ಚಿತ್ರ, ಬೆಳಕು-ನೆರಳಿನ ವ್ಯಾಪ್ತಿಯನ್ನು ಹಿಗ್ಗಿಸುವ ಎಚ್‌ಡಿಆರ್‌ನ ಬಗೆಗಳಾದ ಎಚ್‌ಡಿಆರ್10, ಡಾಲ್ಬಿ ವಿಷನ್ ಎಲ್ಲವೂ ಉಂಟು ಎಂದು ಪೊಟ್ಟಣದ ಮೇಲೆ ಅಚ್ಚಾಗಿತ್ತು, ಆ ಮಾತು ಸುಳ್ಳೂ ಅಲ್ಲ. ಆದರೂ ಮೊದಲ ಎರಡು ವಾರ ಅದರಲ್ಲಿ ನೋಡಿದ ಒಂದು ಸಿನಿಮಾವೂ ಕಣ್ಣಿಗೆ ಹಿತವೆನಿಸಲಿಲ್ಲ. ಕ್ಯಾಮೆರಾ ಎಡದಿಂದ ಬಲಕ್ಕೆ ನಿಧಾನವಾಗಿ ಸರಿಯುವಾಗ ಚಿತ್ರ ಮುಗ್ಗರಿಸುತ್ತಿತ್ತು, ಹಳೆಯ ಧಾರಾವಾಹಿಗಳಲ್ಲಿ ಮುಖಗಳಿಗೆ ಬಣ್ಣ ಬಳಿದಂತೆ ಕಾಣುತ್ತಿತ್ತು, ರಾತ್ರಿಯ ದೃಶ್ಯಗಳಲ್ಲಿ ಕಪ್ಪಾಗಿರಬೇಕಾದ ಕಡೆ ಬೂದು ಹರಡಿಕೊಂಡಿರುತ್ತಿತ್ತು. ಟಿವಿಯೇ ಕೆಟ್ಟಿದೆಯೇನೋ ಎಂದು ಅದರ ಬಣ್ಣ, ಹೊಳಪುಗಳನ್ನೆಲ್ಲ ತಿರುವಿ ನೋಡಿ, ಕೊನೆಗೆ ಪ್ಲೇಯರ್‌ನ ವಿಡಿಯೊ ಔಟ್‌ಪುಟ್ ಮೆನುವನ್ನು ತೆರೆದಾಗ ಮೂರೂ ತೊಂದರೆಗಳ ಬೇರು ಅಲ್ಲೇ ಸಿಕ್ಕಿತು. ಹಾಗಾಗಿ ಈ ಸಾಧನದ ವೇಗ, ಆ್ಯಪ್‌ಗಳ ಸಂಖ್ಯೆ, ರಿಮೋಟ್‌ನ ಅಂದಚೆಂದ ಇವೆಲ್ಲವನ್ನೂ ಬದಿಗಿಟ್ಟು ಆ ಒಂದು ಮೆನುವಿನ ಬಗ್ಗೆಯೇ ಬರೆಯುತ್ತಿದ್ದೇನೆ.

ಎಚ್‌ಡಿಎಂಐ ಕೇಬಲ್ ಜೋಡಿಸಿದ ಕೂಡಲೇ ಟಿವಿಯು ತನ್ನ ಸಾಮರ್ಥ್ಯದ ವಿವರಗಳನ್ನು, ಅಂದರೆ ಯಾವ ರೆಸಲ್ಯೂಷನ್, ಯಾವ ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಬಾರಿ ಹೊಸದಾಗುತ್ತದೆ ಎಂಬ, ಹರ್ಟ್ಸ್‌ನಲ್ಲಿ ಹೇಳುವ ಲೆಕ್ಕ), ಯಾವ ಬಗೆಯ ಎಚ್‌ಡಿಆರ್ ತನಗೆ ಗೊತ್ತು ಎಂಬುದನ್ನು, ಪ್ಲೇಯರ್‌ಗೆ ತಿಳಿಸುತ್ತದೆ. ಈ ಮಾಹಿತಿಯ ಹೆಸರು ಇಡಿಐಡಿ. ‘ಆಟೊ’ ಆಯ್ಕೆ, ಅಂದರೆ ಯಾವ ಸಂಕೇತ ಕಳುಹಿಸಬೇಕೆಂಬುದನ್ನು ಪ್ಲೇಯರ್‌ಗೇ ಬಿಡುವ ಆಯ್ಕೆ, ಇದನ್ನೇ ನೆಚ್ಚಿಕೊಂಡಿರುತ್ತದೆ. ನನ್ನ ಪ್ಲೇಯರ್ ಮಾಡಿದ್ದು ಇಷ್ಟೇ: ಟಿವಿ ಒಪ್ಪಿಕೊಳ್ಳುವ ಅತಿ ದೊಡ್ಡ ಸಂಕೇತ ಯಾವುದೋ ಅದನ್ನು ಆರಿಸಿಕೊಂಡು, 4ಕೆ, 60 ಹರ್ಟ್ಸ್, ಎಚ್‌ಡಿಆರ್ ಎಂದು ತೀರ್ಮಾನಿಸಿ, ಯಾವ ಕಡತ ಹಾಕಿದರೂ ಅದನ್ನು ಈ ಒಂದೇ ಅಚ್ಚಿಗೆ ಹುಯ್ದು ಕಳುಹಿಸುತ್ತಿತ್ತು. ಟಿವಿಗೆ ಏನು ಸಾಧ್ಯ ಎಂದು ಅದು ಕೇಳಿತೇ ಹೊರತು, ಕಡತದಲ್ಲಿ ಏನಿದೆ ಎಂದು ನೋಡಲಿಲ್ಲ. ನನ್ನ ಮಟ್ಟಿಗೆ ಒಳ್ಳೆಯ ಪ್ಲೇಯರ್‌ನ ಲಕ್ಷಣವೆಂದರೆ ಕಡತದಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ದಾಟಿಸುವುದು. ಅಲಂಕಾರದ ಕೆಲಸವನ್ನು ಅದಕ್ಕೆ ಯಾರೂ ವಹಿಸಿಲ್ಲ.

ಎಲ್ಲಕ್ಕಿಂತ ಹೆಚ್ಚು ವ್ಯತ್ಯಾಸ ತಂದದ್ದು ರಿಫ್ರೆಶ್ ರೇಟ್. ಸಿನಿಮಾಗಳು ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್‌ಗಳಲ್ಲಿ ಚಿತ್ರೀಕರಣಗೊಳ್ಳುತ್ತವೆ. 1920ರ ದಶಕದ ಕೊನೆಯಲ್ಲಿ ಸಿನಿಮಾಕ್ಕೆ ಧ್ವನಿ ಬಂದಾಗ ನೆಲೆನಿಂತ ಆ ಲೆಕ್ಕ ಇಂದಿಗೂ ಬದಲಾಗಿಲ್ಲ. ಪರದೆ ಸೆಕೆಂಡಿಗೆ 60 ಬಾರಿ ಹೊಸದಾಗುವಾಗ ಈ 24 ಫ್ರೇಮ್‌ಗಳನ್ನು ಅದರಲ್ಲಿ ಸಮನಾಗಿ ಹಂಚಲು ಬರುವುದಿಲ್ಲ. ಆದ್ದರಿಂದ ಒಂದು ಫ್ರೇಮನ್ನು ಮೂರು ಸಲ, ಮುಂದಿನದನ್ನು ಎರಡು ಸಲ, ಮತ್ತೆ ಮೂರು ಸಲ ಎಂಬಂತೆ ತೋರಿಸಬೇಕಾಗುತ್ತದೆ. ಒಂದು ಫ್ರೇಮ್ 50 ಮಿಲಿಸೆಕೆಂಡ್ ನಿಂತರೆ ಪಕ್ಕದ್ದು ಸುಮಾರು 33 ಮಿಲಿಸೆಕೆಂಡ್ ಮಾತ್ರ ನಿಲ್ಲುತ್ತದೆ. ಇಬ್ಬರು ಕುಳಿತು ಮಾತನಾಡುವ ದೃಶ್ಯದಲ್ಲಿ ಇದು ತಿಳಿಯುವುದೇ ಇಲ್ಲ. ಬೆಟ್ಟದ ಸಾಲಿನ ಮೇಲೆ ಕ್ಯಾಮೆರಾ ನಿಧಾನವಾಗಿ ಹೊರಳುವಾಗ, ಕೊನೆಯಲ್ಲಿ ಹೆಸರುಗಳ ಪಟ್ಟಿ ಮೇಲೇರುವಾಗ, ಕುಂಟು ನಡಿಗೆ ಎದ್ದು ಕಾಣುತ್ತದೆ. ಒಮ್ಮೆ ಗುರುತಿಸಿದ ಮೇಲೆ ಅದನ್ನು ಕಾಣದಂತೆ ಇರಲು ಆಗುವುದಿಲ್ಲ ಎಂಬುದನ್ನು ಓದುಗರಿಗೆ ಮೊದಲೇ ಎಚ್ಚರಿಸಿಬಿಡುತ್ತೇನೆ. ನನ್ನ ಮನೆಯವರು ಇನ್ನೂ ಗುರುತಿಸಿಲ್ಲ. ಅವರ ನೆಮ್ಮದಿಯನ್ನು ನಾನೂ ಕೆಡಿಸಲು ಹೋಗಿಲ್ಲ.

ಇದಕ್ಕೆ 50 ಹರ್ಟ್ಸ್ ಪರಿಹಾರವಲ್ಲ. 24 ಫ್ರೇಮ್‌ಗಳನ್ನು ಎರಡೆರಡು ಸಲ ತೋರಿಸಿದರೆ 48 ಆಗುತ್ತದೆ, ಉಳಿದ ಎರಡು ಸ್ಥಾನ ತುಂಬಲು ಸೆಕೆಂಡಿಗೆ ಎರಡು ಸಲ ಚಿತ್ರ ತುಸು ತಡೆದು ನಿಲ್ಲುತ್ತದೆ. 25 ಫ್ರೇಮ್‌ಗಳ ಟಿವಿ ಕಾರ್ಯಕ್ರಮಗಳಿಗೆ ಅದೇ 50 ಹರ್ಟ್ಸ್ ಹೇಳಿ ಮಾಡಿಸಿದ ಹಾಗೆ ಹೊಂದುತ್ತದೆ. ಎಲ್ಲಕ್ಕೂ ಹೊಂದುವ ಒಂದೇ ದರ ಮಾಮೂಲಿ ಟಿವಿಗಳಲ್ಲಿ ಇಲ್ಲದಿರುವುದರಿಂದ, ಪ್ಲೇಯರ್ ಕಡತದಿಂದ ಕಡತಕ್ಕೆ ತನ್ನ ದರವನ್ನು ಬದಲಿಸಿಕೊಳ್ಳಬೇಕು. ನನ್ನ ಸಾಧನದಲ್ಲಿ ಈ ಸೌಲಭ್ಯವಿದೆ, ಆದರೆ ಅದನ್ನು ‘ಸುಧಾರಿತ’ ಎಂಬ ಉಪಮೆನುವಿನೊಳಗೆ ಹುದುಗಿಸಿ, ಮೊದಲಿಗೆ ಆಫ್ ಮಾಡಿಟ್ಟಿದ್ದಾರೆ. ವಿಡಿಯೊ ಕಡತಗಳನ್ನು ಓಡಿಸುವ ಕೋಡಿ ಎಂಬ ತಂತ್ರಾಂಶವನ್ನು ಬಳಸುವವರಿಗೆ ಅದರ ಪ್ಲೇಯರ್ ಸೆಟ್ಟಿಂಗ್‌ಗಳಲ್ಲೇ ರಿಫ್ರೆಶ್ ರೇಟ್ ಹೊಂದಿಸುವ ಆಯ್ಕೆ ಸಿಗುತ್ತದೆ. ಅದನ್ನು ‘ಪ್ರಾರಂಭದಲ್ಲಿ ಮತ್ತು ನಿಲ್ಲಿಸಿದಾಗ’ ಎಂಬ ಅರ್ಥದ ಆಯ್ಕೆಗೆ ಇಟ್ಟರೆ ಸಿನಿಮಾ ಶುರುವಾದಾಗ ದರ ಬದಲಾಗಿ, ಮುಗಿದಾಗ ಮೆನುವಿನ ದರಕ್ಕೆ ಮರಳುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. 24 ಎಂದು ನಾವು ಕರೆಯುವ ಕಡತಗಳಲ್ಲಿ ಬಹುಪಾಲು ನಿಜವಾಗಿ 23.976 ಫ್ರೇಮ್‌ಗಳವು, ಅಮೆರಿಕದಲ್ಲಿ 1953ರಲ್ಲಿ ಬಣ್ಣದ ಟಿವಿಯ ಮಾನಕ ರೂಪಿಸುವಾಗ 60ನ್ನು 59.94ಕ್ಕೆ ಇಳಿಸಿದ್ದರ ಬಾಲವಾಗಿ ಈ ಸಂಖ್ಯೆ ಬಂದಿದೆ. ಪ್ಲೇಯರ್ ನಿಖರವಾಗಿ 24 ಹರ್ಟ್ಸ್ ಕಳುಹಿಸಿದರೆ ಸುಮಾರು 42 ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಎರಡು ಸಲ ಬರುತ್ತದೆ. ಅಷ್ಟನ್ನು ಯಾರು ಗಮನಿಸುತ್ತಾರೆ ಎಂದು ಕೇಳಬಹುದು. ನಾನು ಗಮನಿಸುತ್ತೇನೆ. ಮೆನುವಿನಲ್ಲಿ 23.976 ಮತ್ತು 24 ಎರಡೂ ಪ್ರತ್ಯೇಕವಾಗಿ ಕಾಣಿಸಿಕೊಂಡರೆ ಆ ಪ್ಲೇಯರ್ ತಯಾರಿಸಿದವರಿಗೆ ವಿಷಯ ತಿಳಿದಿದೆ ಎಂದು ಧಾರಾಳವಾಗಿ ನಂಬಬಹುದು. ನನ್ನದರಲ್ಲಿ ಎರಡೂ ಇವೆ.

ದರ ಬದಲಾಗುವಾಗ ಪರದೆ ಎರಡು ಮೂರು ಸೆಕೆಂಡು ಕಪ್ಪಾಗುತ್ತದೆ, ಏಕೆಂದರೆ ಟಿವಿ ಮತ್ತು ಪ್ಲೇಯರ್ ಮತ್ತೆ ಹೊಸದಾಗಿ ಹೊಂದಿಕೊಳ್ಳಬೇಕು. ಎಚ್‌ಡಿಎಂಐ 2.1ರಲ್ಲಿ ಇದನ್ನು ತಪ್ಪಿಸುವ ಕ್ಯೂಎಂಎಸ್ ಎಂಬ ವ್ಯವಸ್ಥೆ ಇದೆಯಾದರೂ ಎರಡೂ ಕಡೆ ಅದಿರಬೇಕು, ನನ್ನ ಟಿವಿಯಲ್ಲಿಲ್ಲ. ಎರಡು ಗಂಟೆಯ ಸಿನಿಮಾಕ್ಕೆ ಆ ಮೂರು ಸೆಕೆಂಡು ದೊಡ್ಡದಲ್ಲ. ಚಿಕ್ಕ ಚಿಕ್ಕ ವಿಡಿಯೊಗಳನ್ನು ಒಂದರ ಹಿಂದೊಂದು ನೋಡುವವರಿಗೆ ಮಾತ್ರ ಇದು ಖಂಡಿತ ಕಿರಿಕಿರಿ. ಇನ್ನೊಂದು ಕೊರತೆಯನ್ನೂ ಹೇಳಬೇಕು: ನನ್ನ ಹಾರ್ಡ್ ಡಿಸ್ಕ್‌ನ ಕಡತಗಳಿಗೆ ದರ ಸರಿಯಾಗಿ ಬದಲಾಗುತ್ತದೆ, ಚಂದಾ ಆ್ಯಪ್‌ಗಳ ಪೈಕಿ ಕೆಲವು ಈ ಸೆಟ್ಟಿಂಗನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ಮುಖಗಳಿಗೆ ಬಣ್ಣ ಬಳಿದಂತೆ ಕಾಣುತ್ತಿದ್ದುದಕ್ಕೂ, ಕಪ್ಪು ಬೂದಾಗುತ್ತಿದ್ದುದಕ್ಕೂ ಕಾರಣ ಸದಾಕಾಲದ ಎಚ್‌ಡಿಆರ್. ಮಾಮೂಲಿ ಚಿತ್ರವನ್ನು, ಅಂದರೆ ಎಸ್‌ಡಿಆರನ್ನು, ಸುಮಾರು 100 ನಿಟ್ಸ್ ಪ್ರಖರತೆಯ ಮಾನದಂಡಕ್ಕೆ ಸಿದ್ಧಪಡಿಸಿರುತ್ತಾರೆ ಮತ್ತು ಅದನ್ನು ನೋಡುವವರು ತಮ್ಮ ಕೋಣೆಯ ಬೆಳಕಿಗೆ ತಕ್ಕಂತೆ ಏರಿಸಿ ಇಳಿಸಿಕೊಳ್ಳಬಹುದು. ಎಚ್‌ಡಿಆರ್10 ಮತ್ತು ಡಾಲ್ಬಿ ವಿಷನ್ ಬಳಸುವ ಪಿಕ್ಯೂ ಎಂಬ ಕ್ರಮದಲ್ಲಿ ಒಂದೊಂದು ಸಂಖ್ಯೆಯೂ ಒಂದು ನಿಶ್ಚಿತ ಪ್ರಖರತೆಯನ್ನು ಸೂಚಿಸುತ್ತದೆ. ಅದರ ಮೇಲ್ಮಿತಿ 10,000 ನಿಟ್ಸ್. ಎಸ್‌ಡಿಆರ್ ಚಿತ್ರವನ್ನು ಈ ಕ್ರಮಕ್ಕೆ ಬಲವಂತವಾಗಿ ಪರಿವರ್ತಿಸಿದಾಗ, ಬಿಳಿ ಎಷ್ಟು ಬೆಳಗಬೇಕು, ಚರ್ಮದ ಬಣ್ಣ ಎಷ್ಟು ಗಾಢವಾಗಿರಬೇಕು ಎಂಬ ನಿರ್ಧಾರ ಪ್ಲೇಯರ್‌ನ ಪಾಲಾಗುತ್ತದೆ. ಜೊತೆಗೆ ಟಿವಿಯೂ ತನ್ನ ಎಚ್‌ಡಿಆರ್ ವಿಧಾನಕ್ಕೆ ಜಿಗಿದು ಹಿಂಬದಿಯ ದೀಪವನ್ನು ಗರಿಷ್ಠಕ್ಕೇರಿಸುತ್ತದೆ. ನನ್ನದರಂತೆ ಭಾಗಭಾಗವಾಗಿ ಬೆಳಕು ತಗ್ಗಿಸಲಾರದ ಎಲ್‌ಸಿಡಿ ಪರದೆಯಲ್ಲಿ ಕತ್ತಲೆಗೆ ಆಗ ಜಾಗವೇ ಉಳಿಯುವುದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಎರಡು ಸಾಧನಗಳು ಒಂದೇ ಚಿತ್ರವನ್ನು ತಮತಮಗೆ ತೋಚಿದಂತೆ ತಿದ್ದುತ್ತಿದ್ದವು.

ಇದು ನನ್ನ ಸಾಧನವೊಂದರ ಜಾಯಮಾನವಲ್ಲ. ಆ್ಯಪಲ್ ಟಿವಿ 4ಕೆ 2017ರಲ್ಲಿ ಬಿಡುಗಡೆಯಾದಾಗಲೂ ಹೀಗೆಯೇ ಎಲ್ಲವನ್ನೂ ಒಂದೇ ಸ್ವರೂಪದಲ್ಲಿ ಕಳುಹಿಸುತ್ತಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ಅದರ ತಂತ್ರಾಂಶ ಟಿವಿಓಎಸ್ 11.2ರಲ್ಲಿ ವಿಡಿಯೊಗೆ ತಕ್ಕಂತೆ ಡೈನಮಿಕ್ ರೇಂಜ್ (ಎಸ್‌ಡಿಆರೋ ಎಚ್‌ಡಿಆರೋ ಎಂಬುದು) ಮತ್ತು ಫ್ರೇಮ್ ರೇಟ್ ಎರಡನ್ನೂ ಬದಲಿಸುವ ಆಯ್ಕೆಗಳನ್ನು ಸೇರಿಸಿದರು. ನನ್ನ ಪ್ಲೇಯರ್‌ನಲ್ಲೂ ‘ಮೂಲಕ್ಕೆ ಹೊಂದಿಸು’ ಎಂಬ ಅರ್ಥದ ಆಯ್ಕೆ ಇದ್ದು, ಅದನ್ನು ಆರಿಸಿದ ರಾತ್ರಿಯೇ ಹಳೆಯ ಧಾರಾವಾಹಿಗಳ ಮುಖಗಳು ಮತ್ತೆ ಮನುಷ್ಯರ ಮುಖಗಳಾದವು. ಎಚ್‌ಡಿಆರ್ ಕಡತ ಹಾಕಿದಾಗ ಮಾತ್ರ ಟಿವಿಯ ಮೂಲೆಯಲ್ಲಿ ಎಚ್‌ಡಿಆರ್ ಚಿಹ್ನೆ ಮೂಡಬೇಕು. ಮೆನುವಿನಲ್ಲೇ ಅದು ಮೂಡುತ್ತಿದ್ದರೆ ಬಲವಂತದ ಪರಿವರ್ತನೆ ನಡೆಯುತ್ತಿದೆ ಎಂದು ತಿಳಿಯಿರಿ.

ಬಣ್ಣದ ಸ್ವರೂಪದ ಮೆನುವಿನಲ್ಲಿ ಆರ್‌ಜಿಬಿ, ವೈಸಿಬಿಸಿಆರ್ 4:4:4, 4:2:2, 4:2:0 ಎಂಬ ಸಾಲುಗಳನ್ನು ಕಂಡು ದೊಡ್ಡ ಸಂಖ್ಯೆಯೇ ಒಳ್ಳೆಯದೆಂದು ನಾನೂ ಮೊದಲು 4:4:4 ಒತ್ತಿದ್ದೆ. ಆರ್‌ಜಿಬಿಯಲ್ಲಿ ಚಿತ್ರ ಕೆಂಪು, ಹಸಿರು, ನೀಲಿಯಾಗಿ ಹೋಗುತ್ತದೆ; ವೈಸಿಬಿಸಿಆರ್‌ನಲ್ಲಿ ಬೆಳಕು ಮತ್ತು ಬಣ್ಣ ಬೇರೆ ಬೇರೆಯಾಗಿ ಹೋಗುತ್ತವೆ, ಸಂಖ್ಯೆಗಳು ಚಿಕ್ಕದಾದಷ್ಟೂ ಬಣ್ಣದ ವಿವರ ಕಡಿಮೆ. ವಾಸ್ತವದಲ್ಲಿ ಡಿಸ್ಕ್‌ಗಳಲ್ಲಿ ಮತ್ತು ಸ್ಟ್ರೀಮಿಂಗ್‌ನಲ್ಲಿ ಬರುವ ಸಿನಿಮಾಗಳೆಲ್ಲ 4:2:0 ರೂಪದಲ್ಲೇ ಇರುತ್ತವೆ; ಅಲ್ಲಿ ಇಲ್ಲದ ವಿವರವನ್ನು ಕೇಬಲ್ ಹುಟ್ಟಿಸಲಾರದು. ಎಚ್‌ಡಿಎಂಐ 2.0ರ ಸಾಮರ್ಥ್ಯ ಸೆಕೆಂಡಿಗೆ 18 ಗಿಗಾಬಿಟ್. 4ಕೆ 60 ಹರ್ಟ್ಸ್‌ನ 4:4:4 ಸಂಕೇತ 8 ಬಿಟ್‌ನಲ್ಲೇ (ಬಿಟ್ ಹೆಚ್ಚಿದಷ್ಟೂ ಬಣ್ಣದ ಛಾಯೆಗಳು ಹೆಚ್ಚು) ಆ ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ, ಎಚ್‌ಡಿಆರ್‌ಗೆ ಬೇಕಾದ 10 ಬಿಟ್ ಅದರಲ್ಲಿ ಹಿಡಿಸುವುದಿಲ್ಲ. ಅದೇ 4:2:2ರಲ್ಲಿ 12 ಬಿಟ್‌ವರೆಗೂ ಹಿಡಿಸುತ್ತದೆ. ಆದ್ದರಿಂದ ಸಿನಿಮಾಕ್ಕಾಗಿಯೇ ಪ್ಲೇಯರ್ ಇಟ್ಟುಕೊಂಡವರಿಗೆ 4:2:2 ಸೂಕ್ತ ಎಂಬುದು ನನ್ನ ಅಭಿಪ್ರಾಯ. ಟಿವಿಯನ್ನು ಕಂಪ್ಯೂಟರ್ ಪರದೆಯಾಗಿ ಬಳಸಿ ಸಣ್ಣ ಅಕ್ಷರಗಳನ್ನು ಓದುವವರಿಗೆ ಮಾತ್ರ 4:4:4ರಿಂದ ಪ್ರಯೋಜನವಿದೆ. 24 ಹರ್ಟ್ಸ್‌ಗೆ ಇಳಿದಾಗ ಈ ಭಾರವೇ ಅರ್ಧವಾಗುತ್ತದೆ ಎಂಬುದು ರಿಫ್ರೆಶ್ ರೇಟ್ ಹೊಂದಿಸುವುದರ ಇನ್ನೊಂದು ಲಾಭ.

ಈ ಲೆಕ್ಕ ನನಗೆ ಅರ್ಥವಾದದ್ದು ಕೇಬಲ್‌ನಿಂದ. ಹಳೆಯ ಸೆಟ್‌ಟಾಪ್ ಬಾಕ್ಸ್‌ನ ಕೇಬಲನ್ನೇ ಹಾಕಿದ್ದೆ; 60 ಹರ್ಟ್ಸ್ ಎಚ್‌ಡಿಆರ್‌ನಲ್ಲಿ ಪರದೆಯ ತುಂಬ ಬಿಳಿ ಚುಕ್ಕೆಗಳು ಮಿನುಗುತ್ತಿದ್ದವು, ಆಗಾಗ ಚಿತ್ರವೇ ಮಾಯವಾಗುತ್ತಿತ್ತು. ಪ್ಲೇಯರ್ ವಾಪಸು ಕೊಡಲು ಹೊರಟಿದ್ದವನು 18 ಗಿಗಾಬಿಟ್‌ಗೆ ಪ್ರಮಾಣೀಕರಿಸಿದ ‘ಪ್ರೀಮಿಯಂ ಹೈ ಸ್ಪೀಡ್’ ಕೇಬಲ್ ಹಾಕಿ ಸುಮ್ಮನಾದೆ.

ಆರ್‌ಜಿಬಿ ಆರಿಸುವವರು ಇನ್ನೊಂದು ಬಲೆಯನ್ನು ಗಮನಿಸಬೇಕು. 8 ಬಿಟ್ ವಿಡಿಯೊದಲ್ಲಿ ಕಪ್ಪು 16ರಲ್ಲಿ ಶುರುವಾಗಿ ಬಿಳಿ 235ಕ್ಕೆ ಮುಗಿಯುತ್ತದೆ; ಕಂಪ್ಯೂಟರ್ ಲೋಕದಲ್ಲಿ ಅದು 0ಯಿಂದ 255. ಪ್ಲೇಯರ್ ಒಂದನ್ನು ಕಳುಹಿಸಿ ಟಿವಿ ಇನ್ನೊಂದೆಂದು ತಿಳಿದರೆ, ಒಂದೋ ನೆರಳಿನ ವಿವರಗಳೆಲ್ಲ ಮಸಿಯಲ್ಲಿ ಮುಳುಗುತ್ತವೆ, ಇಲ್ಲವೇ ಇಡೀ ಚಿತ್ರದ ಮೇಲೆ ತೆಳುವಾದ ಮಂಜು ಕವಿಯುತ್ತದೆ. ವೈಸಿಬಿಸಿಆರ್‌ನಲ್ಲಿ 16ರಿಂದ ಶುರುವಾಗುವ ಸೀಮಿತ ವ್ಯಾಪ್ತಿಯೇ ರೂಢಿಯಾದ್ದರಿಂದ ಈ ಗೊಂದಲ ಅಪರೂಪ.

ರೆಸಲ್ಯೂಷನ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. 1080ಪಿ ಕಡತವನ್ನು 1080ಪಿಯಲ್ಲೇ ಕಳುಹಿಸಿ ಹಿಗ್ಗಿಸುವ ಕೆಲಸವನ್ನು ಟಿವಿಗೆ ಬಿಡುವುದು ತತ್ವಶಃ ಸರಿಯಾದರೂ, ನನ್ನ ಪರದೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. 4ಕೆಯಲ್ಲೇ ಇಟ್ಟರೆ ಸಬ್‌ಟೈಟಲ್ ಅಕ್ಷರಗಳು ಹರಿತವಾಗಿ ಮೂಡುತ್ತವೆ. ಹಾಗಾಗಿ ಅದೊಂದನ್ನು ಮಾತ್ರ ಸ್ಥಿರವಾಗಿ ಬಿಟ್ಟಿದ್ದೇನೆ.

ಟಿವಿಯ ಕಡೆಯ ಕೆಲಸವನ್ನು ಮರೆತರೆ ಇಷ್ಟೆಲ್ಲವೂ ವ್ಯರ್ಥ. ಅನೇಕ ಟಿವಿಗಳಲ್ಲಿ ಪ್ರತಿ ಎಚ್‌ಡಿಎಂಐ ಪೋರ್ಟ್‌ಗೂ ಪೂರ್ಣ ಸಾಮರ್ಥ್ಯದ ಸಂಕೇತವನ್ನು ಸ್ವೀಕರಿಸುವ ಪ್ರತ್ಯೇಕ ಸೆಟ್ಟಿಂಗ್ ಇದ್ದು, ಅದು ಆಫ್ ಆಗಿದ್ದರೆ ಪ್ಲೇಯರ್‌ನ ಮೆನುವಿನಲ್ಲಿ ಎಚ್‌ಡಿಆರ್ ಆಯ್ಕೆಯೇ ಕಾಣಿಸುವುದಿಲ್ಲ. ಚಿತ್ರದ ಅಂಚುಗಳು ಕತ್ತರಿಸಿದಂತೆ ಕಂಡರೆ ಓವರ್‌ಸ್ಕ್ಯಾನ್ ಆಫ್ ಮಾಡಬೇಕು. ಚಲನೆಯನ್ನು ನಯಗೊಳಿಸುವ ಸೌಲಭ್ಯ ಆನ್ ಆಗಿದ್ದರೆ, ಪ್ಲೇಯರ್ ಎಷ್ಟೇ ಶುದ್ಧವಾದ 24 ಫ್ರೇಮ್ ಕೊಟ್ಟರೂ ಟಿವಿ ನಡುನಡುವೆ ತನ್ನದೇ ಫ್ರೇಮ್‌ಗಳನ್ನು ಸೃಷ್ಟಿಸಿ ಸಿನಿಮಾವನ್ನು ಧಾರಾವಾಹಿಯಂತೆ ಮಾಡುತ್ತದೆ. ಟಿವಿ ತಯಾರಕರು ಮತ್ತು ಸಿನಿಮಾ ಸಂಸ್ಥೆಗಳ ಒಕ್ಕೂಟವಾದ ಯುಎಚ್‌ಡಿ ಅಲಯನ್ಸ್ 2019ರಲ್ಲಿ ಪ್ರಕಟಿಸಿದ ‘ಫಿಲ್ಮ್‌ಮೇಕರ್ ಮೋಡ್’ ನಿಮ್ಮ ಟಿವಿಯಲ್ಲಿದ್ದರೆ ಆ ಒಂದೇ ಆಯ್ಕೆಯಿಂದ ಇಂಥವು ಆಫ್ ಆಗುತ್ತವೆ. ಟಿವಿ ರಿಮೋಟ್‌ನಲ್ಲಿ ಮಾಹಿತಿ ಗುಂಡಿ ಇದ್ದರೆ, ಸಿನಿಮಾ ಓಡುತ್ತಿರುವಾಗ ಅದನ್ನೊತ್ತಿ ಬರುತ್ತಿರುವ ಸಂಕೇತ ಯಾವುದೆಂದು ನೋಡುವುದು ಲೇಸು. ಪ್ಲೇಯರ್‌ನ ಮೆನು ತಾನು ಕಳುಹಿಸುತ್ತಿದ್ದೇನೆ ಎನ್ನುವುದಕ್ಕಿಂತ ಟಿವಿ ತನಗೆ ಬಂದಿದೆ ಎನ್ನುವುದನ್ನೇ ನಾನು ನಂಬುತ್ತೇನೆ.

ಸಾಧನದ ಬಗ್ಗೆ ನನ್ನ ತೀರ್ಪು ಕೇಳಿದರೆ, ಬೇಕಾದ ಸೌಲಭ್ಯಗಳೆಲ್ಲ ಇದರಲ್ಲಿವೆ, ಸರಿಯಾಗಿ ಹೊಂದಿಸಿದ ಮೇಲೆ ಚಿತ್ರ ನಿಜಕ್ಕೂ ಸೊಗಸಾಗಿದೆ, ಆದರೆ ಕೊಂಡವರು ಅಷ್ಟು ದೂರ ನಡೆಯಬೇಕಾಗಿರುವುದು ತಯಾರಕರ ಸೋಮಾರಿತನ. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ನಾಲ್ಕು ಕೊಡಬೇಕೆಂದಿದ್ದೆ, ಕಳೆದ ತಿಂಗಳ ತಂತ್ರಾಂಶ ನವೀಕರಣದ ನಂತರ ಸೆಟ್ಟಿಂಗ್‌ಗಳೆಲ್ಲ ಸದ್ದಿಲ್ಲದೆ ‘ಆಟೊ’ಗೆ ಮರಳಿದ್ದವು, ಅರ್ಧ ಸಿನಿಮಾ ನೋಡಿದ ಮೇಲಷ್ಟೇ ನನಗೆ ತಿಳಿಯಿತು. ಈಗ ಆ ಮೆನುವಿನ ಪ್ರತಿ ಪುಟದ ಫೋಟೊ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಂಡಿದ್ದೇನೆ.