ಹೋಂಸ್ಟೇ ಪರದೆಯ ಮೇಲೆ 1834: ಒಂದು ಚಿತ್ರಪ್ರದರ್ಶನದ ವಿಮರ್ಶೆ

ಮಡಿಕೇರಿಗೆ ಸಮೀಪದ ಹೋಂಸ್ಟೇ ಒಂದರವರು ಶನಿವಾರ ಸಂಜೆ ಪ್ರವಾಸಿಗರಿಗೆಂದು ನಡೆಸುವ ಐತಿಹಾಸಿಕ ಕಿರುಚಿತ್ರದ ಪ್ರದರ್ಶನಕ್ಕೆ, ಶಿವಮೊಗ್ಗದಿಂದ ಬಂದಿದ್ದ ನನ್ನ ಅತ್ತಿಗೆಯವರನ್ನು ಕಳೆದ ತಿಂಗಳು ಕರೆದುಕೊಂಡು ಹೋಗಿದ್ದೆ. ತಲೆಗೆ 300 ರೂಪಾಯಿ. ಕಾಫಿಯೂ ಕುರುಕಲೂ ಅದರಲ್ಲೇ ಸೇರಿವೆ. ಹಿಂದೆ ಕಾಫಿ ಮೂಟೆ ಇಡುತ್ತಿದ್ದ ಉಗ್ರಾಣವನ್ನು ಚೊಕ್ಕ ಮಾಡಿ ಬೆತ್ತದ ಕುರ್ಚಿಗಳನ್ನು ಹಾಕಿದ್ದಾರೆ. ತಗಡಿನ ಮಾಡಿನ ಮೇಲೆ ಮಳೆ ಬಿದ್ದಾಗಲೂ ಮಾತು ಸ್ಪಷ್ಟವಾಗಿ ಕೇಳುವಷ್ಟು ಧ್ವನಿವ್ಯವಸ್ಥೆ ಚೆನ್ನಾಗಿದೆ. ಆದರೆ ಹಾಗೆ ಸ್ಪಷ್ಟವಾಗಿ ಕೇಳಿದ್ದರಿಂದಲೇ ಈ ವಿಮರ್ಶೆ ಬರೆಯಬೇಕಾಯಿತು.

ನಲವತ್ತು ನಿಮಿಷಗಳ ಈ ಚಿತ್ರದ ಕಥೆ ನಡೆಯುವುದು 1834ರ ಏಪ್ರಿಲ್‌ನಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಮಡಿಕೇರಿಗೆ ಬಂದು, ಕೊಡಗನ್ನು ಆಳುತ್ತಿದ್ದ ಹಾಲೇರಿ ವಂಶದ ಕೊನೆಯ ಅರಸ ಚಿಕ್ಕ ವೀರರಾಜೇಂದ್ರ ಪಟ್ಟ ಕಳೆದುಕೊಂಡ ದಿನಗಳು ಅವು. ಕೊಡವ ಗಂಡಸರ ಕುಪ್ಪಸವೆಂಬ ನಿಲುವಂಗಿ, ಚೇಲೆಯೆಂಬ ನಡುಪಟ್ಟಿ, ಪೀಚೆಕತ್ತಿಯೆಂಬ ಬಾಕುಗಳನ್ನು ತಿಳಿದವರನ್ನು ಕೇಳಿಯೇ ಹೊಂದಿಸಿದ್ದಾರೆ. ಉಡುಪಿನಲ್ಲಿ ತೋರಿದ ಶ್ರದ್ಧೆಯ ಕಾಲುಭಾಗವನ್ನಾದರೂ ಸಂಭಾಷಣೆಯಲ್ಲಿ ತೋರಿಸಿದ್ದರೆ ನನಗೆ ದೂರುವ ಅವಕಾಶವೇ ಇರುತ್ತಿರಲಿಲ್ಲ.

ಎಲ್ಲರ ಕಣ್ಣಿಗೂ ಬೀಳುವ ತಪ್ಪುಗಳನ್ನು ಮೊದಲು ಮುಗಿಸುತ್ತೇನೆ. ಕಂಪನಿಯ ಅಧಿಕಾರಿ ಕರ್ನಲ್ ಫ್ರೇಸರ್‌ನ ಪಾತ್ರಧಾರಿ ‘ಇದು ವಿಕ್ಟೋರಿಯಾ ಮಹಾರಾಣಿಯ ಆಜ್ಞೆ’ ಎಂದು ಗುಡುಗುತ್ತಾನೆ. ಆಗ ಇಂಗ್ಲೆಂಡಿನ ಸಿಂಹಾಸನದ ಮೇಲಿದ್ದವನು ನಾಲ್ಕನೆಯ ವಿಲಿಯಂ. ವಿಕ್ಟೋರಿಯಾ ಇನ್ನೂ ಹದಿನಾಲ್ಕು ವರ್ಷದ ಹುಡುಗಿ, ರಾಣಿಯಾದದ್ದು 1837ರಲ್ಲಿ. ಅರಸನ ಮಗಳು ಗೌರಮ್ಮನಿಗೆ 1852ರಲ್ಲಿ ಲಂಡನ್ನಿನಲ್ಲಿ ಕ್ರೈಸ್ತ ದೀಕ್ಷಾಸ್ನಾನವಾದಾಗ ಇದೇ ರಾಣಿ ಜ್ಞಾನಮಾತೆಯಾಗಿ (ಗಾಡ್‌ಮದರ್) ನಿಂತಿದ್ದರಿಂದ, ಬರೆದವರ ತಲೆಯಲ್ಲಿ ಎರಡು ಕಾಲಗಳು ಬೆರೆತುಹೋಗಿರಬೇಕು. ಇನ್ನೊಂದೆಡೆ ಅರಸನೇ ತನ್ನ ದಿವಾನನಿಗೆ ‘ಸಂಜೆ ರಾಜಾಸೀಟಿನಲ್ಲಿ ಭೇಟಿಯಾಗೋಣ’ ಎನ್ನುತ್ತಾನೆ. ತಾನು ಕೂರುವ ಜಾಗಕ್ಕೆ ಯಾವ ರಾಜನಾದರೂ ಅರ್ಧ ಇಂಗ್ಲಿಷಿನಲ್ಲಿ ರಾಜಾಸೀಟು ಎಂದು ಹೆಸರಿಟ್ಟುಕೊಳ್ಳುವುದುಂಟೇ?

ಕಾಫಿಯ ವಿಷಯ ಇದಕ್ಕಿಂತ ಗಂಭೀರವಾದದ್ದು. ‘ನಮ್ಮ ಕಾಫಿ ತೋಟಗಳ ಮೇಲೆ ಕಂಪನಿಯ ಕಣ್ಣು ಬಿದ್ದಿದೆ’ ಎಂಬ ಮಾತು ಚಿತ್ರದಲ್ಲಿ ಮೂರು ಸಲ ಬರುತ್ತದೆ, ಕಥೆಯೇ ಅದರ ಮೇಲೆ ನಿಂತಿದೆ. ಕೊಡಗಿನಲ್ಲಿ ಯುರೋಪಿಯನ್ನರ ಕಾಫಿ ಎಸ್ಟೇಟುಗಳು ಶುರುವಾದದ್ದು 1854ರಲ್ಲಿ, ಫೌಲರ್ ಎಂಬಾತ ಮಡಿಕೇರಿಯಲ್ಲಿ ತೋಟ ಮಾಡಿದ ಮೇಲೆ. ಅರಸರ ಕಾಲದಲ್ಲಿ ಬೊಕ್ಕಸ ತುಂಬುತ್ತಿದ್ದ ಬೆಳೆ ಏಲಕ್ಕಿ. ಅದರ ವ್ಯಾಪಾರ ಅರಮನೆಯ ಕೈಯಲ್ಲಿತ್ತು. ‘ಕಾಫಿ ತೋಟ’ ಎಂಬಲ್ಲಿ ‘ಏಲಕ್ಕಿ ಮಲೆ’ ಎಂದಿದ್ದರೆ ಕನಿಷ್ಠ ಪದವಾದರೂ ಆ ಕಾಲದ್ದಾಗುತ್ತಿತ್ತು. ಇಲ್ಲಿ ಕಾಲ ತಪ್ಪಿರುವುದು ಒಂದು ವಸ್ತುವಿನ ಹೆಸರಿನಲ್ಲಿ ಮಾತ್ರವಲ್ಲ. ಯುದ್ಧದ ಕಾರಣವನ್ನೇ ಇಪ್ಪತ್ತು ವರ್ಷ ಮುಂದಿನಿಂದ ತಂದು ಅಂಟಿಸಲಾಗಿದೆ.

ಆದರೂ ನನ್ನ ಮುಖ್ಯ ಆಕ್ಷೇಪ ಇವುಗಳ ಬಗ್ಗೆ ಅಲ್ಲ. ಹಳೆಯ ಕಾಲದವರು ಮಾತಾಡಿದಂತೆ ಕೇಳಲಿ ಎಂದು ಸಂಭಾಷಣೆಕಾರರು ಎಲ್ಲವನ್ನೂ ಸಂಸ್ಕೃತಕ್ಕೆ ತಿರುಗಿಸಿದ್ದಾರೆ: ‘ಮಹಾಮಂತ್ರಿಗಳೇ, ಸೇನಾಧಿಪತಿಗಳನ್ನು ತತ್‌ಕ್ಷಣ ಕರೆಸಿರಿ’. ಹಾಲೇರಿ ಅರಸರ ಆಡಳಿತಭಾಷೆ ಕನ್ನಡವೇ ಹೌದು, ಆದರೆ ಅದು ದಿವಾನ, ಕಾರ್ಯಕಾರ, ಸುಬೇದಾರ, ಪಾರುಪತ್ಯಗಾರ, ಶಾನುಭೋಗರ ಕನ್ನಡ. ಹೈದರ್ ಮತ್ತು ಟಿಪ್ಪುವಿನ ಕಾಲವನ್ನು ಹಾದುಬಂದ ಆ ದಫ್ತರದ ಭಾಷೆಯಲ್ಲಿ ಪಾರಸಿ ಮಾತುಗಳು ಧಾರಾಳವಾಗಿ ಸೇರಿದ್ದವು. ಇದೇ ವಂಶದ ಹಿಂದಿನ ಅರಸ ದೊಡ್ಡ ವೀರರಾಜೇಂದ್ರ ಬರೆಸಿದ ವಂಶಚರಿತ್ರೆಯ ಹೆಸರು ‘ರಾಜೇಂದ್ರನಾಮೆ’. ಆತನ ನಂತರದ ಅರಸ ಲಿಂಗರಾಜ ತನ್ನ ಅಧಿಕಾರಿಗಳಿಗೆ ಹೊರಡಿಸಿದ ಕಟ್ಟಳೆಗಳ ಹೆಸರು ‘ಹುಕುಂನಾಮೆ’. ತಮ್ಮ ಚರಿತ್ರೆಗೂ ಕಾನೂನಿಗೂ ಪಾರಸಿಯ ‘ನಾಮೆ’ ಸೇರಿಸಿ ಹೆಸರಿಟ್ಟವರ ಆಸ್ಥಾನದಲ್ಲಿ ‘ಹುಕುಂ’ ಎಂಬ ಪದ ಮೈಲಿಗೆಯಾಗಿರಲು ಸಾಧ್ಯವಿಲ್ಲ.

ಚಿತ್ರದಲ್ಲಿ ಆ ಪದ ಒಂದೇ ಒಂದು ಸಲ ಬರುತ್ತದೆ. ಪಂಜು ಹಿಡಿದ ಮುದುಕ ಬಾಗಿಲಲ್ಲಿ ಬಗ್ಗಿ, ಹೆಗಲ ಮೇಲಿನ ವಸ್ತ್ರವನ್ನು ಕಂಕುಳಿಗೆ ಇಳಿಸಿಕೊಂಡು, ‘ಹುಕುಂ ಆಗಿದೆ ಬುದ್ಧಿ’ ಎನ್ನುತ್ತಾನೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅತ್ತಿಗೆಯವರೂ ನನ್ನ ಕಡೆ ಬಾಗಿ, ‘ಇದೇನು, ಹಿಂದಿ ಸಿನಿಮಾದಿಂದ ತಂದುಬಿಟ್ಟಿದ್ದಾರಲ್ಲ?’ ಎಂದು ಕೇಳಿದರು. ಇಡೀ ಚಿತ್ರದಲ್ಲಿ ಕಾಲಕ್ಕೆ ಸರಿಯಾಗಿ ಹೊಂದಿದ್ದ ಮಾತು ಅದೊಂದೇ, ನಗೆಪಾಟಲಾದದ್ದೂ ಅದೊಂದೇ. ಪ್ರೇಕ್ಷಕರನ್ನು ದೂರಿ ಫಲವಿಲ್ಲ. ಪೌರಾಣಿಕ ನಾಟಕಗಳ ಕನ್ನಡವನ್ನೇ ಇತಿಹಾಸದ ಕನ್ನಡವೆಂದು ಕೇಳಿ ಬೆಳೆದ ಕಿವಿಗಳು ನಮ್ಮವು.

ಮುಂದಿನ ದೃಶ್ಯದಲ್ಲಿ ಅರಸ ಅದೇ ಮುದುಕನ ಕೈಗೆ ನಾಣ್ಯ ಇಡುತ್ತಾನೆ, ಆತ ‘ಧನ್ಯವಾದಗಳು, ಮಹಾಪ್ರಭು’ ಎನ್ನುತ್ತಾನೆ. ಆಳಾದವನು ಅಡ್ಡಬೀಳಬಹುದಿತ್ತು, ಕಣ್ಣಿಗೊತ್ತಿಕೊಳ್ಳಬಹುದಿತ್ತು, ಸುಮ್ಮನೆ ಹಿಂದಕ್ಕೆ ಸರಿಯಬಹುದಿತ್ತು. ಧನ್ಯವಾದ ಹೇಳುವುದು ಸರೀಕರ ನಡುವಿನ ಈಚಿನ ರೂಢಿ. ನಮ್ಮ ಮನೆಯ ಹಿರಿಯರು ಇವತ್ತಿಗೂ ಆ ಪದವನ್ನು ಸಭೆಯಲ್ಲಲ್ಲದೆ ಬೇರೆಲ್ಲೂ ಬಳಸುವುದಿಲ್ಲ. ಇದೇ ರೀತಿ ಕೊಡವ ಸೈನಿಕರು ‘ನಾಡಿನ ಸ್ವಾತಂತ್ರ್ಯಕ್ಕಾಗಿ’ ಎಂದು ಘೋಷಿಸುತ್ತಾರೆ. ಕೊಡಗಿನಲ್ಲಿ ‘ನಾಡು’ ಎಂದರೆ ದೇಶವಲ್ಲ, ಕೆಲವು ಊರುಗಳು ಸೇರಿದ ಒಂದು ವಿಭಾಗವೆಂದು ಇಲ್ಲಿನ ಯಾರಿಗಾದರೂ ಗೊತ್ತು. ಇಷ್ಟರ ಮೇಲೆ ಆ ಸೈನಿಕರು ತಮ್ಮತಮ್ಮಲ್ಲೇ ಮಾತಾಡುವಾಗಲೂ ಬೆಂಗಳೂರಿನ ಧಾರಾವಾಹಿಯ ಕನ್ನಡವನ್ನೇ ಆಡುತ್ತಾರೆ. ಅಲ್ಲಿ ಕೊಡವರ ಭಾಷೆಯಾದ ಕೊಡವ ತಕ್ಕ್ ಇಟ್ಟು, ಅಡಿಯಲ್ಲಿ ಕನ್ನಡ ಸಾಲು ಹಾಕಿದ್ದರೆ ಪ್ರವಾಸಿಗರಿಗೂ ಅದೊಂದು ಹೊಸ ಅನುಭವವಾಗುತ್ತಿತ್ತು.

ಪದಗಳ ವಯಸ್ಸು ನೋಡುವುದು ಕಷ್ಟದ ಕೆಲಸವೇನಲ್ಲ. ಕಿಟ್ಟೆಲ್ ನಿಘಂಟು 1894ರದ್ದು; ರೀವ್ ಅವರ ಕನ್ನಡ ನಿಘಂಟಂತೂ 1832ರಲ್ಲಿ, ಈ ಕಥೆಗೆ ಎರಡೇ ವರ್ಷ ಮೊದಲು ಅಚ್ಚಾದದ್ದು. ಆದರೆ ಯಾರು ಯಾರ ಮುಂದೆ ಯಾವ ಪದ ಆಡುತ್ತಿದ್ದರು ಎಂಬುದು ನಿಘಂಟಿನಲ್ಲಿ ಸಿಗುವುದಿಲ್ಲ, ಅದಕ್ಕೆ ಹುಕುಂನಾಮೆಯಂಥವನ್ನೇ ಓದಬೇಕು.

ಆತಿಥ್ಯಕ್ಕೆ ಐದಕ್ಕೆ ಐದು, ಚಿತ್ರಕ್ಕೆ ಎರಡೂವರೆ ಕೊಡುತ್ತೇನೆ. ಪ್ರದರ್ಶನದ ನಂತರ ಈ ಮಾತುಗಳನ್ನೆಲ್ಲ ಮಾಲೀಕರಿಗೆ ಹೇಳಿದಾಗ ಬೇಸರಿಸದೆ ಒಂದು ಪುಸ್ತಕದಲ್ಲಿ ಬರೆದುಕೊಂಡರು. ಅವರ ಮುಂದೆಯೇ ತಪ್ಪುಗಳನ್ನು ಹೇಳಿದ ಮೇಲೆ ಇಲ್ಲಿ ಹೋಂಸ್ಟೇಯ ಹೆಸರು ಹಾಕುವುದು ಬೇಡವೆನ್ನಿಸಿತು. ವಿಕ್ಟೋರಿಯಾಳನ್ನು ತೆಗೆದು ಮರುಡಬ್ಬಿಂಗ್ ಮಾಡಿಸುತ್ತಾರಂತೆ, ರಾಜಾಸೀಟನ್ನೂ ಕತ್ತರಿಸುತ್ತಾರಂತೆ. ಕಾಫಿಯ ಸಾಲನ್ನು ಮಾತ್ರ ಮುಟ್ಟಲು ಅವರಿಗೆ ಮನಸ್ಸಿಲ್ಲ. ಚಿತ್ರ ಮುಗಿದ ಮೇಲೆ ಬಾಗಿಲ ಬಳಿ ಇಟ್ಟ ಕಾಫಿಪುಡಿ ಪೊಟ್ಟಣಗಳು ಖರ್ಚಾಗುವುದು ಆ ಸಾಲಿನಿಂದಲೇ ಎಂದರು. ಅತ್ತಿಗೆಯವರು ಆಗಲೇ ಎರಡು ಪೊಟ್ಟಣ ಕೊಂಡಾಗಿತ್ತು.