ವಾಲಿಬಾಲ್‌ನಲ್ಲಿ ಮೊದಲು ಯಾವ ಕ್ವಿಕ್ ಕಲಿಸಬೇಕು: ಸೆಟ್ಟರ್ ಪಕ್ಕದ್ದೋ, ದೂರದ ಶೂಟೋ?

ಹೈಸ್ಕೂಲಿನ ನುರಿತ ವಾಲಿಬಾಲ್ ತಂಡವಾದರೆ ಸೆಟ್ಟರ್ ಪಕ್ಕದ ಕ್ವಿಕ್‌ನಿಂದಲೇ ಶುರುಮಾಡಿ ಎನ್ನುತ್ತೇನೆ. ಸೆಟ್ಟರ್ ಎಂದರೆ ಹೊಡೆಯುವವನಿಗೆ ಚೆಂಡು ಎತ್ತಿಕೊಡುವವನು; ಕ್ವಿಕ್ ಎಂದರೆ ಹಾಗೆ ಕೊಟ್ಟ ತಕ್ಷಣ ಹೊಡೆಯುವ ವೇಗದ ದಾಳಿ. ಸೆಟ್ಟರ್ ಚೆಂಡು ಮುಟ್ಟುವ ಹೊತ್ತಿಗೆ ನೆಟ್ ನಡುವಿನಿಂದ ದಾಳಿ ಮಾಡುವ ಮಿಡಲ್ ಆಟಗಾರ ನೆಲ ಬಿಟ್ಟು, ಕೈ ಹಿಂದಕ್ಕೆಳೆದು ಸಿದ್ಧವಾಗಿರಬೇಕು. ಚೆಂಡೇ ಅವನ ಕೈಗೆ ಬರುತ್ತದೆ, ಅವನು ಅದನ್ನು ಅಟ್ಟಿಕೊಂಡು ಹೋಗುವಂತಿಲ್ಲ. ಈ ನಂಬಿಕೆ ಕೂರಲು ಸಮಯ ಹಿಡಿಯುತ್ತದೆ. ಚೆಂಡು ನೋಡಿ ಆಮೇಲೆ ಜಿಗಿಯುವ ಅಭ್ಯಾಸವಿದ್ದರೆ, ಕೆಲಕಾಲ ಸೆಟ್ಟರ್ ಬದಲು ಕೋಚೇ ಚೆಂಡು ಎಸೆದುಕೊಡಲಿ. ಹೆಜ್ಜೆಯ ಲಯ ಬೇಗ ಸಿಗುತ್ತದೆ.

ಇನ್ನೊಂದು ಬಗೆಯ ಕ್ವಿಕ್ ಆದ ಶೂಟ್‌ನಲ್ಲಿ ಚೆಂಡು ಸೆಟ್ಟರ್‌ನಿಂದ ಸುಮಾರು 2–3 ಮೀಟರ್ ಆಚೆಗೆ, ನೆಟ್‌ಗುಂಟ ನೇರವಾಗಿ ಹಾಯುತ್ತದೆ. ನೆಟ್ ಬಳಿ ಜಿಗಿದು ಹೊಡೆತ ತಡೆಯುವ ಬ್ಲಾಕರ್‌ಗಳ ನಡುವಿನ ಸಂದು ಸಿಗುವುದು ಇದರ ದೊಡ್ಡ ಲಾಭ. ಸೆಟ್ಟರ್ ಕೈ ಮಾತ್ರ ಪಳಗಿರಬೇಕು.

ಸೆಟ್ಟರ್‌ಗೆ ಕೊಡುವ ಪಾಸ್ ಪದೇ ಪದೇ ನೆಟ್‌ನಿಂದ ದೂರ ಬೀಳುತ್ತಿದ್ದರೆ ಎರಡನ್ನೂ ಬದಿಗಿಟ್ಟು ಮೊದಲು ರಿಸೀವ್ (ಎದುರಾಳಿಯಿಂದ ಬಂದ ಚೆಂಡನ್ನು ಎತ್ತಿಕೊಳ್ಳುವುದು) ತಿದ್ದಿ.