ಥಾರ್‌ನ ಹರಿದ ಸಿವಿ ಬೂಟ್: ನಾನು ಹಾಕಿ ನೋಡಿದ ನಾಲ್ಕು ಬಗೆ

ಸಕಲೇಶಪುರದ ಕಡೆ ಮಳೆ ನಿಂತು ಬಿಸಿಲು ಬಿದ್ದ ಮೊದಲ ವಾರ ನನಗೆ ಒಂದು ಕೆಲಸ ಇದ್ದೇ ಇರುತ್ತದೆ. ನನ್ನ ಮಹೀಂದ್ರಾ ಥಾರ್ ಜೀಪಿನ ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಟಾರ್ಚ್ ಹಿಡಿದು ಮುಂದಿನ ಚಕ್ರದ ಹಿಂದೆ ತಲೆ ತೂರಿಸುತ್ತೇನೆ. ಆಮೇಲೆ ಬಲಕ್ಕೆ ತಿರುಗಿಸಿ ಆ ಕಡೆ. ನೋಡುವುದು ಸಿವಿ ಬೂಟನ್ನು. ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಶಾಫ್ಟಿನ ಕೀಲನ್ನು, ಅಂದರೆ ಸಿವಿ ಜಾಯಿಂಟನ್ನು, ಮುಚ್ಚಿ ಗ್ರೀಸ್ ಹಿಡಿದಿಡುವ, ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿರುವ ಆ ಕಪ್ಪು ರಬ್ಬರ್ ಚೀಲ.

ನನ್ನದು 2013ರ ಸಿಆರ್‌ಡಿಇ (ಡೀಸೆಲ್ ಎಂಜಿನ್ನಿನ) ಥಾರ್. ಮುಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್, ಬೇರೆ ಬೇರೆ ಶಾಫ್ಟ್. ಒಂದೊಂದು ಶಾಫ್ಟಿಗೆ ಎರಡು ಜಾಯಿಂಟ್, ಚಕ್ರದ ಕಡೆ ಹೊರಗಿನದು, ಗಾಡಿಯ ನಡುವಿನ ಕಡೆ ಒಳಗಿನದು. ಅಂದರೆ ಒಟ್ಟು ನಾಲ್ಕು ಬೂಟ್. ಮಾರುತಿ ಜಿಪ್ಸಿ ಇಟ್ಟುಕೊಂಡವರಿಗೆ ಈ ತಲೆನೋವಿಲ್ಲ. ಅದರ ಮುಂದಿನ ಆಕ್ಸಲ್ ಒಂದೇ ಗಟ್ಟಿ ತುಂಡು, ಜಾಯಿಂಟ್ ಕಬ್ಬಿಣದ ಗೂಡಿನೊಳಗೇ ಇರುತ್ತದೆ.

ಮೊದಲ ಸಲ ಬೂಟ್ ಹರಿದದ್ದು ತೋಟದ ದಾರಿಯಲ್ಲಿ. ಕಪಾತು (ಕಾಫಿ ಗಿಡದ ಕೊಂಬೆ ಕಡಿಯುವ ಕೆಲಸ) ಮುಗಿದಿತ್ತು. ಕಡಿದ ಕಾಫಿ ಕಡ್ಡಿ ಎಡಗಡೆಯ ಹೊರ ಬೂಟಿಗೆ ಚುಚ್ಚಿತ್ತು. ನನಗೆ ಗೊತ್ತಾಗಿದ್ದು ಹತ್ತು ದಿನದ ಮೇಲೆ, ರಿಮ್ಮಿನ ಒಳಮೈಗೆ ಕಪ್ಪು ಗ್ರೀಸ್ ಚಿಮ್ಮಿ ಪಟ್ಟಿ ಬಿದ್ದಿದ್ದನ್ನು ಕಂಡಾಗ. ಆ ಹತ್ತು ದಿನ ನನಗೆ ಇವತ್ತಿಗೂ ಬೇಸರ ತರುತ್ತದೆ. ಹೊರ ಜಾಯಿಂಟಿನೊಳಗೆ ಆರು ಉಕ್ಕಿನ ಗುಂಡುಗಳು ನುಣುಪಾದ ಕಾಲುವೆಗಳಲ್ಲಿ ಓಡಾಡುತ್ತವೆ. ಬೂಟ್ ಹರಿದರೆ ಗ್ರೀಸ್ ಹೊರಗೆ ಹೋಗುತ್ತದೆ, ಮಣ್ಣುನೀರು ಒಳಗೆ ಬರುತ್ತದೆ. ಗ್ರೀಸ್ ಜೊತೆ ಮರಳು ಸೇರಿದರೆ ಅದು ಉಜ್ಜುವ ಪೇಸ್ಟ್ ಆಗಿಬಿಡುತ್ತದೆ.

ಆಗ ತೋಟದಲ್ಲಿ ಕೆಲಸ ಜೋರಿತ್ತು. ಗಾಡಿ ನಿಲ್ಲಿಸುವ ಹಾಗಿರಲಿಲ್ಲ. ಹಾಗಾಗಿ ಸೀಳು ಬೂಟ್ ತರಿಸಿದೆ. ಅದಕ್ಕೆ ಉದ್ದಕ್ಕೂ ಒಂದು ಸೀಳು ಇರುತ್ತದೆ. ಶಾಫ್ಟ್ ಬಿಚ್ಚದೆ ಸುತ್ತ ಹೊದಿಸಿ, ಅಂಚಿಗೆ ಅಂಟು ಹಾಕಿ, ಕ್ಲಾಂಪ್ ಬಿಗಿದರೆ ಆಯಿತು. ಒಂದೇ ಗಂಟೆಯ ಕೆಲಸ, ಬೆಲೆಯೂ ಕಡಿಮೆ. ಆದರೆ ಅಂಟು ಹಿಡಿಯಬೇಕಾದ ಅಂಚಿಗೆ ಚೂರೂ ಗ್ರೀಸ್ ತಾಗಬಾರದು. ಗ್ರೀಸ್ ತುಂಬಿದ ಜಾಯಿಂಟ್ ಪಕ್ಕದಲ್ಲಿ ಅದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಮೂರು ತಿಂಗಳಿಗೆ ದೊಡ್ಡ ಬಾಯಿಯ ಕಡೆ ಅಂಟು ಬಿಟ್ಟುಕೊಂಡಿತು. ಅದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ಒಳಗಿದ್ದ ಮಣ್ಣನ್ನು ನಾನು ತೆಗೆದೇ ಇರಲಿಲ್ಲ. ಬಟ್ಟೆಯಲ್ಲಿ ಒರೆಸಿ, ಮೇಲೆ ಹೊಸ ಗ್ರೀಸ್ ತುಂಬಿದ್ದೆ ಅಷ್ಟೇ.

ಬಲಗಡೆ ಹೊರ ಬೂಟ್ ಮರುವರ್ಷ ಸವೆದು ಬಿರುಕು ಬಿಟ್ಟಿತು. ಅದಕ್ಕೆ ಹಿಗ್ಗುವ ಬೂಟ್ ಹಾಕಿಸಿದೆ. ಇದರ ರಬ್ಬರ್ ತೆಳು, ಚೆನ್ನಾಗಿ ಎಳೆಯಬಹುದು. ಪ್ಲಾಸ್ಟಿಕ್ ಶಂಕುವಿಗೆ ಗ್ರೀಸ್ ಸವರಿ, ಅದರ ಮೇಲಿಂದ ಬೂಟನ್ನು ಜಾರಿಸಿ ಜಾಯಿಂಟ್ ದಾಟಿಸುತ್ತಾರೆ. ಶಾಫ್ಟಿನ ತುದಿಯನ್ನು ಚಕ್ರ ಕೂರುವ ಹಬ್‌ನಿಂದ ಬಿಡಿಸಲೇಬೇಕು, ಆದರೆ ಜಾಯಿಂಟನ್ನು ಶಾಫ್ಟಿನಿಂದ ಹೊಡೆದು ತೆಗೆಯಬೇಕಿಲ್ಲ. ಜೋಡಣೆ ಇಲ್ಲದ ಒಂದೇ ತುಂಡಾದ್ದರಿಂದ ಅಂಟಿನ ಭಯವಿಲ್ಲ. ಇದು ಎರಡು ಮಳೆಗಾಲ ತಡೆಯಿತು. ಕೊನೆಗೆ ಸಣ್ಣ ಬಾಯಿಯಲ್ಲಿ ಸೋರಿತು. ಎಲ್ಲ ಗಾಡಿಗೂ ಆಗುವ ಬೂಟು ಇದು. ಬಾಯಿಯಲ್ಲಿ ಬೇರೆ ಬೇರೆ ಅಳತೆಯ ಮೆಟ್ಟಿಲುಗಳಿರುತ್ತವೆ, ನಮಗೆ ಆಗುವ ಮೆಟ್ಟಿಲು ನೋಡಿ ನಾವೇ ಕತ್ತರಿಸಿಕೊಳ್ಳಬೇಕು. ಅಳತೆ ಒಂದು ಕೂದಲಷ್ಟು ಹೆಚ್ಚಾದರೂ ಕ್ಲಾಂಪ್ ಕೆಳಗೆ ರಬ್ಬರ್ ಸುಕ್ಕಾಗುತ್ತದೆ.

ಈಗ ಎರಡೂ ಕಡೆ ಇರುವುದು ಕಂಪನಿ ಅಳತೆಯ ಬೂಟ್. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ಕಿಟ್ ತಂದಿದ್ದೆ. ಬೂಟ್, ಎರಡು ಕ್ಲಾಂಪ್, ಜಾಯಿಂಟನ್ನು ಶಾಫ್ಟಿಗೆ ಹಿಡಿದಿಡುವ ಸರ್ಕ್ಲಿಪ್ ಎಂಬ ಸಣ್ಣ ಉಂಗುರ, ಕಪ್ಪು ಮಾಲಿಬ್ಡಿನಮ್ ಗ್ರೀಸಿನ ಪೊಟ್ಟಣ. ಒಂದು ಕಡೆಗೆ ಅರ್ಧ ದಿನ ಬೇಕಾಯಿತು. ಹಬ್ ನಟ್ಟು ಬಿಚ್ಚಿ, ಸಸ್ಪೆನ್ಷನ್ನಿನ ಬಾಲ್ ಜಾಯಿಂಟ್ ಸಡಿಲಿಸಿ, ಶಾಫ್ಟ್ ಹೊರಗೆಳೆದು ಬೆಂಚಿನ ಮೇಲೆ ಇಟ್ಟೆವು. ಜಾಯಿಂಟಿನ ಒಳ ಭಾಗಕ್ಕೆ ಹಿತ್ತಾಳೆ ಕಡ್ಡಿ ಇಟ್ಟು ಒಂದೇ ಗಟ್ಟಿ ಏಟು ಕೊಟ್ಟರೆ ಸರ್ಕ್ಲಿಪ್ ಬಿಟ್ಟು ಕಳಚಿಕೊಳ್ಳುತ್ತದೆ. ಹತ್ತು ಸಣ್ಣ ಏಟು ಹೊಡೆದರೆ ಬರುವುದಿಲ್ಲ.

ಮೆಕ್ಯಾನಿಕ್ ಹಳೆಯ ಗ್ರೀಸನ್ನು ನನ್ನ ಕೈಗೆ ಹಚ್ಚಿ, "ಅಣ್ಣಾ, ಎರಡು ಬೆರಳಲ್ಲಿ ಉಜ್ಜಿ ನೋಡಿ" ಅಂದರು. ಎಡಗಡೆಯದು ಮರಳು ಕಾಗದದ ಹಾಗೆ ಕರಕರ ಅಂತಿತ್ತು. ಸೀಳು ಬೂಟಿನೊಳಗೆ ನಾನೇ ಮುಚ್ಚಿಟ್ಟ ಮಣ್ಣು ಅದು. ಗುಂಡುಗಳನ್ನು ತೆಗೆಯುವ ಮೊದಲು ಒಳಗಿನ ತಿರುಳು, ಪಂಜರ, ಹೊರ ಬಟ್ಟಲು ಮೂರಕ್ಕೂ ಪೇಂಟಿನಲ್ಲಿ ಗುರುತು ಹಾಕಿದೆವು. ಎಲ್ಲಿದ್ದದ್ದು ಅಲ್ಲಿಗೇ ಹೋಗಬೇಕು. ಡೀಸೆಲ್‌ನಲ್ಲಿ ತೊಳೆದು, ಬ್ರೇಕ್ ಕ್ಲೀನರ್ ಹೊಡೆದು, ಒಣಗಿಸಿ ಬೆಳಕಿಗೆ ಹಿಡಿದೆವು. ಎಡಗಡೆಯ ಒಂದು ಕಾಲುವೆಯಲ್ಲಿ ಉಗುರಿಗೆ ಸಿಗುವಷ್ಟು ಗೀರು ಬಿದ್ದಿತ್ತು. ಬಲಗಡೆಯದು ಕನ್ನಡಿ ಹಾಗಿತ್ತು. ಬಲಗಡೆ ಬಿರುಕನ್ನು ಬೇಗ ಕಂಡಿದ್ದೆ, ಮಣ್ಣು ಒಳಗೆ ಹೋಗುವ ಮೊದಲೇ. ಇದು ಬೂಟುಗಳ ನಡುವಿನ ಹೋಲಿಕೆ ಅಂದುಕೊಂಡು ಹೊರಟಿದ್ದೆ. ಬೆಂಚಿನ ಮೇಲೆ ಕಂಡ ವ್ಯತ್ಯಾಸ ರಬ್ಬರಿನದ್ದಲ್ಲ. ಒಂದರೊಳಗೆ ಮಣ್ಣಿತ್ತು, ಇನ್ನೊಂದರೊಳಗೆ ಇರಲಿಲ್ಲ.

ಜೋಡಿಸುವಾಗ ಸಣ್ಣ ಕ್ಲಾಂಪ್ ಮೊದಲು, ಬೂಟ್ ಆಮೇಲೆ, ಜಾಯಿಂಟ್ ಕೊನೆಗೆ. ಪೊಟ್ಟಣದ ಗ್ರೀಸಿನಲ್ಲಿ ಹೆಚ್ಚಿನದನ್ನು ಗುಂಡುಗಳ ಸಂದಿಗೆ ಒತ್ತಿ ತುಂಬಬೇಕು, ಉಳಿದದ್ದು ಬೂಟಿನೊಳಗೆ. ಕೊನೆಯ ಕ್ಲಾಂಪ್ ಬಿಗಿಯುವ ಮುಂಚೆ ಅಂಚಿಗೆ ಮೊಂಡು ಸ್ಕ್ರೂಡ್ರೈವರ್ ತೂರಿಸಿ ಒಳಗಿನ ಗಾಳಿ ಬಿಡಬೇಕು. ಇಲ್ಲದಿದ್ದರೆ ಬೂಟ್ ಉಬ್ಬುತ್ತದೆ, ಇಲ್ಲವೇ ಒಳಕ್ಕೆ ಸೊಟ್ಟಗಾಗಿ ಮಡಿಕೆಗೆ ಮಡಿಕೆ ಉಜ್ಜುತ್ತದೆ.

ಕ್ಲಾಂಪ್ ಬಗ್ಗೆಯೂ ಹೇಳಬೇಕು. ಪ್ಲಾಸ್ಟಿಕ್ ಟೈ ಜಾರುತ್ತದೆ. ರೇಡಿಯೇಟರ್ ಹೋಸಿನ ಸ್ಕ್ರೂ ಕ್ಲಾಂಪ್ ಸುತ್ತಲೂ ಒಂದೇ ಸಮ ಬಿಗಿಯುವುದಿಲ್ಲ, ಅದರ ತಲೆಯೂ ಹೊರಗೆ ಚಾಚಿರುತ್ತದೆ. ಕಿವಿಯಂಥ ಉಬ್ಬನ್ನು ಇಕ್ಕಳದಿಂದ ಹಿಂಡಿ ಬಿಗಿಯುವ ಸ್ಟೀಲ್ ಕ್ಲಾಂಪೇ ಸರಿ. ಬೂಟ್ ಮೆದು ರಬ್ಬರಿನದ್ದಾದರೆ ಸುಲಭವಾಗಿ ಕೂರುತ್ತದೆ. ಗಟ್ಟಿ ಪ್ಲಾಸ್ಟಿಕ್ ಜಾತಿಯದ್ದಾದರೆ ಕಡ್ಡಿ ಕಲ್ಲಿಗೆ ಚೆನ್ನಾಗಿ ತಡೆಯುತ್ತದೆ, ಆದರೆ ಕ್ಲಾಂಪನ್ನು ಜೋರಾಗಿ ಹಿಂಡಬೇಕು. ತೋಟದ ದಾರಿಗೆ ನನಗೆ ಎರಡನೆಯದೇ ಇಷ್ಟ.

ಇಡೀ ಶಾಫ್ಟ್ ಬದಲಾಯಿಸುವ ದಾರಿಯನ್ನೂ ನೋಡಿದ್ದೇನೆ. ಗೀರು ಬಿದ್ದ ಎಡ ಜಾಯಿಂಟ್, ಫೋರ್‌ವ್ಹೀಲ್ ಹಾಕಿ ಪೂರ್ತಿ ತಿರುಗಿಸಿದಾಗ ಟಕ್ ಟಕ್ ಅನ್ನಲು ಶುರು ಮಾಡಿದಾಗ ಅಗ್ಗದ ಹೊಸ ಶಾಫ್ಟ್ ಹಾಕಿಸಿದೆ. ಕೆಲಸ ಬೇಗ ಮುಗಿಯಿತು. ಆದರೆ ವೇಗ ಅರವತ್ತು ದಾಟಿದರೆ ನಡುಕ ಬರುತ್ತಿತ್ತು, ಅದರ ಬೂಟೂ ಎರಡನೇ ಬೇಸಿಗೆಗೆ ಗಟ್ಟಿಯಾಗಿ ಸೀಳಿತು. ಅದನ್ನು ತೆಗೆದು ಹಳೆಯ ಶಾಫ್ಟಿಗೇ ಒಳ್ಳೆಯ ಹೊರ ಜಾಯಿಂಟ್ ಮಾತ್ರ ಕೊಂಡು ಹಾಕಿದೆ. ಹಳೆಯ ಶಾಫ್ಟನ್ನು ಗುಜರಿಗೆ ಕೊಡದೆ ಇಟ್ಟಿದ್ದು ಒಳ್ಳೆಯದಾಯಿತು.

ಸೀಳು ಬೂಟನ್ನು ನಾನು ಪೂರ್ತಿ ಬಿಟ್ಟಿಲ್ಲ. ಸೀಟಿನ ಕೆಳಗೆ ಅಂಥದ್ದೊಂದು ಸದಾ ಇರುತ್ತದೆ, ಬಿಸಿಲೆ ಘಾಟಿಯಂಥ ಕಡೆ ಹರಿದರೆ ಮನೆ ಮುಟ್ಟುವವರೆಗೆ ಸಾಕು. ಹಿಗ್ಗುವ ಬೂಟ್, ಹರಿದ ದಿನವೇ ಕಂಡರೆ ಮತ್ತು ಗ್ರೀಸ್ ನುಣ್ಣಗಿದ್ದರೆ ಮಾತ್ರ. ಕರಕರ ಅಂದರೆ ಜಾಯಿಂಟ್ ಬಿಚ್ಚಲೇಬೇಕು.

ಈ ಸಲ ನೋಡುವಾಗ ಬಲಗಡೆಯ ಒಳ ಬೂಟಿನ ಮಡಿಕೆಯನ್ನು ಬೆರಳಲ್ಲಿ ಅಗಲಿಸಿದೆ. ತಳದಲ್ಲಿ ಸಣ್ಣ ಸಣ್ಣ ಬಿರುಕು. ಸುಮ್ನೆ ಮೇಲಿಂದ ನೋಡಿದರೆ ಕಾಣುವುದೇ ಇಲ್ಲ. ಗ್ರೀಸ್ ಇನ್ನೂ ಹೊರಗೆ ಬಂದಿಲ್ಲ. ಒಳಗಿನ ಜಾಯಿಂಟ್ ಉದ್ದಕ್ಕೂ ಸರಿದಾಡುವ ಬಗೆಯದು, ಅದರ ಗ್ರೀಸೂ ಬೇರೆ. ಅದಕ್ಕೆ ಸರಿಯಾದ ಕಿಟ್‌ಗೆ ನಿನ್ನೆ ಜೆ.ಸಿ. ರಸ್ತೆಗೆ ಫೋನ್ ಮಾಡಿದ್ದೇನೆ. ಕೊಯ್ಲು ಶುರುವಾಗುವ ಮುಂಚೆ ಒಂದು ಭಾನುವಾರ ಬಿಚ್ಚಬೇಕು.